ಫೋನೆತ್ತಿದ ಮೇಲಿನ ಮೊದಲ ಮಾತು

ನನ್ನ ಫೋನು ಬಡಿದುಕೊಂಡರೆ ನಾನು ಕೂಡಲೇ ಎತ್ತುವವಳಲ್ಲ. ಮೊದಲು ಬೆನ್ನು ನೆಟ್ಟಗೆ ಮಾಡುತ್ತೇನೆ, ಸೆರಗು ಸರಿಪಡಿಸಿಕೊಳ್ಳುತ್ತೇನೆ, ಗಂಟಲು ತಿಳಿ ಮಾಡಿಕೊಳ್ಳುತ್ತೇನೆ. ಆಮೇಲೆ ಗೋಡೆಯ ಗಡಿಯಾರ ನೋಡುತ್ತೇನೆ. ಗಡಿಯಾರವೇಕೆಂದು ನೀವು ಕೇಳಬಹುದು. ಮಧ್ಯಾಹ್ನವಾಗಿಬಿಟ್ಟಿದ್ದರೆ ‘ಗುಡ್ ಮಾರ್ನಿಂಗ್’ ಎನ್ನಬಾರದಲ್ಲ! ಇಷ್ಟು ಸಿದ್ಧತೆ ಮುಗಿಸಿ ‘ಗುಡ್ ಆಫ್ಟರ್‌ನೂನ್, ಗಿರಿಜಾ ಸ್ಪೀಕಿಂಗ್’ ಎನ್ನುವ ಹೊತ್ತಿಗೆ ಎಷ್ಟೋ ಸಲ ಆ ಕಡೆಯವರು ಬೇಸತ್ತು ಇಟ್ಟಿರುತ್ತಾರೆ. ಮೊನ್ನೆ ನಮ್ಮ ಬೀದಿಗೆ ಗ್ಯಾಸ್ ತರುವಾತ ಬಾಗಿಲಲ್ಲೇ ನಿಂತು ಹೇಳಿದ: “ಮೇಡಂ, ನೀವು ಫೋನ್ ಎತ್ತೋದ್ರಾಗೆ ನಾನು ಸಿಲಿಂಡರ್ ಇಳಿಸಿ, ಖಾಲಿದು ಹೊತ್ಕೊಂಡು, ಮುಂದಿನ ಓಣಿಗೆ ಹೋಗಿರ್ತೀನಿ ನೋಡ್ರಿ.”

ಅವನ ಆಕ್ಷೇಪಣೆಯಲ್ಲಿ ಹುರುಳಿದೆ ಎಂದು ಒಪ್ಪುತ್ತೇನೆ. ಆದರೂ ಅಭ್ಯಾಸ ಬಿಟ್ಟಿಲ್ಲ. ಈ ಅಭ್ಯಾಸದ ಹಿಂದೆ ಒಂದು ಸಿದ್ಧಾಂತವಿದೆ. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ವಿಷಯ ಕೊಟ್ಟರೆ ಪರವಾಗಿಯೂ ಮಾತನಾಡಬಲ್ಲೆ, ಗಂಟೆ ಬಡಿದ ಮೇಲೆ ವಿರೋಧವಾಗಿಯೂ ಮಾತನಾಡಬಲ್ಲೆ ಎಂಬ ಸೊಕ್ಕು ಇದ್ದ ಕಾಲ. ಅಂಥದ್ದೊಂದು ಸ್ಪರ್ಧೆಯಲ್ಲಿ ಬಹುಮಾನವಾಗಿ ಇಂಗ್ಲಿಷ್ ಸಂಭಾಷಣೆಯ ಪುಸ್ತಕವೊಂದು ಬಂತು. ಅದರಲ್ಲಿ ದೂರವಾಣಿಗೇ ಮೀಸಲಾದ ಒಂದು ಅಧ್ಯಾಯ. ‘ಹೌ ಮೇ ಐ ಹೆಲ್ಪ್ ಯೂ?’ ನಿಮಗೆ ನನ್ನಿಂದ ಏನಾಗಬೇಕು? ‘ಮೇ ಐ ನೋ ಹೂ ಈಸ್ ಕಾಲಿಂಗ್, ಪ್ಲೀಸ್?’ ಮಾತನಾಡುತ್ತಿರುವವರು ಯಾರೆಂದು ತಿಳಿಯಬಹುದೇ, ದಯವಿಟ್ಟು? ‘ವುಡ್ ಯೂ ಲೈಕ್ ಟು ಲೀವ್ ಎ ಮೆಸೇಜ್?’ ಏನಾದರೂ ಹೇಳಿಕಳಿಸುವುದಿದೆಯೇ? ಆ ವಾಕ್ಯಗಳನ್ನು ಓದುತ್ತ ಓದುತ್ತ ನನಗೆ ಮೈನವಿರೆದ್ದಿತ್ತು. ನಮ್ಮಲ್ಲಿ ಬಾಯಿ ತೆರೆಯುವ ಮೊದಲು ಎದುರಿನವರ ಅಂಗಿ ನೋಡಬೇಕು, ಜಾತಿ ಅಂದಾಜಿಸಬೇಕು, ವಯಸ್ಸು ಲೆಕ್ಕ ಹಾಕಬೇಕು. ಆಮೇಲೆ ‘ಏನೋ’ ಎನ್ನಬೇಕೋ ‘ಏನ್ರಿ’ ಎನ್ನಬೇಕೋ ತೀರ್ಮಾನ. ಈ ವಾಕ್ಯಗಳಿಗೋ ಅದೊಂದೂ ಬೇಡ. ಗೌಡರಿಗೂ ಅದೇ, ಗೌಡರ ಮನೆಯ ಆಳಿಗೂ ಅದೇ. ದೂರವಾಣಿಯಲ್ಲಿ ಮುಖ ಕಾಣುವುದಿಲ್ಲ, ಆದ್ದರಿಂದ ಸಮಾನತೆ ಈ ದೇಶಕ್ಕೆ ಬರುವುದಾದರೆ ತಂತಿಯ ಮೂಲಕವೇ ಬರುತ್ತದೆ ಎಂದು ನಾನು ನಂಬಿದೆ. ನಗಬೇಡಿ, ಇನ್ನೂ ಅರ್ಧದಷ್ಟು ನಂಬುತ್ತೇನೆ.

ಚನ್ನಗಿರಿಯ ನಮ್ಮ ಮನೆಗೆ ಆಗ ಫೋನು ಬಂದಿತ್ತು. ಅಪ್ಪನದು ಪಂಪ್‌ಸೆಟ್ ರಿಪೇರಿ ಅಂಗಡಿ. ಸಂತೇಬೆನ್ನೂರು ಕಡೆಯ ರೈತರು ಮೋಟರು ಸುಟ್ಟುಹೋದ ಸಂಕಟವನ್ನು ಹೇಳಿಕೊಳ್ಳಲೆಂದು ಅದನ್ನು ಹಾಕಿಸಿದ್ದು. ಆದರೆ ಬಂದ ದಿನದಿಂದಲೇ ಅದು ಇಡೀ ಬೀದಿಯ ಆಸ್ತಿಯಾಯಿತು. ಕಸೂತಿ ಹಾಕಿದ ಬಟ್ಟೆ ಹೊದ್ದು, ನಡುಮನೆಯ ಸ್ಟೂಲಿನ ಮೇಲೆ ಕೂತು, ಹಬ್ಬಕ್ಕೆ ಬಂದ ಅಳಿಯನಂತೆ ಉಪಚಾರ ಮಾಡಿಸಿಕೊಳ್ಳುತ್ತಿತ್ತು. ಪಕ್ಕದ ಮನೆಯವರಿಗೆ ಕರೆ ಬಂದರೆ ಅವ್ವ ರಿಸೀವರನ್ನು ಸ್ಟೂಲಿನ ಮೇಲೆ ಮಲಗಿಸಿ, ಹಿತ್ತಲ ಗೋಡೆಯ ಮೇಲಿಂದ ಕೂಗುತ್ತಿದ್ದಳು. ಅವರು ಕೈ ಒರೆಸಿಕೊಂಡು ಬರುವತನಕ ಆ ಕಡೆಯ ಪುಣ್ಯಾತ್ಮನಿಗೆ ನಮ್ಮ ಮನೆಯ ಸಕಲವೂ ಕೇಳುತ್ತಿತ್ತು: ಕುಕ್ಕರಿನ ಸೀಟಿ, ನನ್ನ ತಮ್ಮನ ಅಳು, ‘ಉಪ್ಪು ಜಾಸ್ತಿಯಾಗೈತೆ’ ಎಂಬ ಅಪ್ಪನ ತಕರಾರು. ಹುಬ್ಬಳ್ಳಿಯಿಂದ ಫೋನು ಮಾಡಿದ್ದ ಪಕ್ಕದ ಮನೆಯ ಅಳಿಯ, ಮುಂದಿನ ಸಲ ಊರಿಗೆ ಬಂದಾಗ, “ಅತ್ತೆಮ್ಮಾ, ಈಗ ಸಾರಿಗೆ ಉಪ್ಪು ಸರಿ ಆಗೈತಾ?” ಎಂದು ಅವ್ವನನ್ನು ವಿಚಾರಿಸಿದ್ದುಂಟು.

ಅವ್ವ ಫೋನೆತ್ತಿದರೆ ಆಡುತ್ತಿದ್ದದ್ದು ಒಂದೇ ಮಾತು: “ಹೇಳ್ರಿ.” ಹಲೋ ಇಲ್ಲ, ನಮಸ್ಕಾರ ಇಲ್ಲ, ಯಾರು ಎಂಬ ಪ್ರಶ್ನೆಯಂತೂ ಇಲ್ಲವೇ ಇಲ್ಲ. ಆ ಕಡೆಯವರೂ ಹೆಸರು ಹೇಳುತ್ತಿರಲಿಲ್ಲ. “ನಾನು,” ಎನ್ನುವರು. “ಹಾಂ, ಹೇಳ್ರಿ,” ಎನ್ನುವಳು ಅವ್ವ. ದನಿ ಗುರುತು ಸಿಗುವವರೆಗೆ ಮಳೆ, ಬೆಳೆ, ಕೆಮ್ಮು, ಮಕ್ಕಳು ಎಂದು ಮಾತು ಸುತ್ತಾಡುತ್ತಿತ್ತು. ತೀರ ಗೊತ್ತಾಗದಿದ್ದರೆ “ಎಲ್ಲಿಂದ ಮಾಡೀರಿ? ಊರಿಂದ್ಲೇ ಏನು?” ಎಂದು ಕೇಳಿದರಾಯಿತು, ಊರಿನ ಹಿಂದೆಯೇ ಹೆಸರು ತಾನಾಗಿ ಬರುತ್ತಿತ್ತು. ನನಗೆ ಇದು ಅನಾಗರಿಕತೆಯ ಪರಮಾವಧಿಯಾಗಿ ತೋರುತ್ತಿತ್ತು. ಹಾಗಾಗಿ ರಜೆಗೆ ಬಂದಾಗಲೆಲ್ಲ ಫೋನಿನ ಅಧಿಕಾರವನ್ನು ನಾನೇ ವಹಿಸಿಕೊಂಡೆ.

ಅಂಥದ್ದೊಂದು ರಜೆಯಲ್ಲಿ ಜಗಳೂರು ಕಡೆಯ ಬಿಳಿಚೋಡಿನಿಂದ ದೊಡ್ಡಪ್ಪ ಫೋನು ಮಾಡಿದರು. ಅಪ್ಪನ ಖಾಸಾ ಅಣ್ಣ. ಕುರಿಮಂದೆಯ ನಡುವೆ ಬೆಳೆದ ದನಿ, ಫೋನಿಲ್ಲದಿದ್ದರೂ ಚನ್ನಗಿರಿಗೆ ಕೇಳಿಸಬಹುದಾದದ್ದು.

“ನಾನು,” ಎಂದರು.

“ಮೇ ಐ ನೋ ಹೂ ಈಸ್ ಕಾಲಿಂಗ್, ಪ್ಲೀಸ್?” ಎಂದೆ.

“ನಾನು ಕಣವ್ವಾ!”

“ನಾನು ಅಂದರೆ ಯಾರು? ದಯವಿಟ್ಟು ಹೆಸರು ಹೇಳಿ.”

ಆ ಕಡೆ ಫೋನು ಇಟ್ಟ ಸದ್ದು. ಮಾರನೆಯ ದಿನ ಬೆಳಿಗ್ಗೆ, ಬಸ್ಸು ಬದಲಾಯಿಸಿ ಬದಲಾಯಿಸಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ದೊಡ್ಡಪ್ಪನೇ ಬಂದಿಳಿದರು. ಜಗಲಿಯ ಮೇಲೆ ಕೂತರು; ಅವ್ವ ತಂದಿಟ್ಟ ನೀರಿನ ಚೊಂಬು ಮುಟ್ಟಲಿಲ್ಲ.

“ಮೊದ್ಲು ನಾನ್ಯಾರು ಅಂತ ನಿನ್ನ ಮಗಳು ಹೇಳ್ಲಿ. ಆಮ್ಯಾಕೆ ನೀರು.”

ಅವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡು, “ನಿಮ್ಮ ದನಿ ಕೇಳಿದ್ರೆ ಕೊಟ್ಟಿಗ್ಯಾಗಿನ ಎಮ್ಮೆ ಕಿವಿ ನಿಗುರಿಸ್ತೈತೆ ಭಾವಾ. ಅದಕ್ಕೆ ಗುರ್ತು ಸಿಗ್ತೈತೆ. ಇದು ಕಾಲೇಜಿಗೆ ಹೋಗ್ತೈತಲ್ಲ, ಇದಕ್ಕೆ ಸಿಗಲಿಲ್ಲ,” ಎಂದಳು.

“ನೀವು ನಮ್ಮ ದೊಡ್ಡಪ್ಪ,” ಎಂದು ನಾನು ಜಗಲಿಯ ಮುಂದೆ ನಿಂತು ಘೋಷಿಸಿದೆ. ಅವರು ನೀರು ಕುಡಿದರು. ಕಂಬಳಿಯ ಮೂಲೆಯಲ್ಲಿ ಕಟ್ಟಿ ತಂದಿದ್ದ ಹುರಿದ ಶೇಂಗಾ ಬಿಚ್ಚಿದರು. ಏನು ವಿಷಯಕ್ಕೆ ಫೋನು ಮಾಡಿದ್ದಿರಿ ಎಂದು ಅಪ್ಪ ಕೇಳಿದರೆ, “ಏನಿಲ್ಲಪ್ಪ, ಹೆಂಗಿದೀರಿ ಅಂತ,” ಎಂದರು.

ಈ ಪ್ರಸಂಗ ನನ್ನನ್ನು ತಿದ್ದಿತೆಂದು ನೀವು ಭಾವಿಸಬಾರದು. ಸುಧಾರಕರು ಒಂದು ಸೋಲಿಗೆ ಬಗ್ಗುವ ಜಾತಿಯಲ್ಲ. ಬದಲಿಗೆ, ಕೆಲಸದಿಂದ ನಿವೃತ್ತಳಾದ ಮೇಲೆ ಈಗ ನೆಲೆಸಿರುವ ನ್ಯಾಮತಿಯಲ್ಲಿ ನಾನು ಭಾನುವಾರದ ಬೆಳಿಗ್ಗೆ ಇಂಗ್ಲಿಷ್ ಮಾತಿನ ಉಚಿತ ತರಗತಿಯನ್ನೇ ತೆರೆದೆ. ಪದವಿ ಮುಗಿಸಿ ಕೆಲಸ ಹುಡುಕುವ ಹುಡುಗಿಯರು ಬರುತ್ತಾರೆ. ದೂರವಾಣಿಯ ಪಾಠಕ್ಕೆ ನನ್ನದೇ ಆದ ಒಂದು ಪದ್ಧತಿಯಿದೆ: ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಇಡುವುದು, ಮುಖ ಕಾಣದಂತೆ ಇಬ್ಬರನ್ನು ಕೂರಿಸುವುದು, ಕಿವಿಗೆ ಬಾಚಣಿಗೆಯನ್ನೋ ಕನ್ನಡಕದ ಡಬ್ಬಿಯನ್ನೋ ಹಿಡಿಸಿ ಮಾತನಾಡಿಸುವುದು. ದನಿ ತೊಡರಿದರೆ ನಾನು ಚರ್ಚಾಸ್ಪರ್ಧೆಯ ಹಳೆಯ ಗಂಟೆಯನ್ನು ಬಾರಿಸುತ್ತೇನೆ. “ಯಾರೇ ಮಾತಾಡಲಿ, ಅದೇ ವಾಕ್ಯ, ಅದೇ ವೇಗ, ಅದೇ ಸೌಜನ್ಯ. ಒಬ್ಬರಿಗೆ ಬೆಣ್ಣೆ, ಒಬ್ಬರಿಗೆ ಸುಣ್ಣ ಇಲ್ಲಿ ನಡೆಯುವುದಿಲ್ಲ,” ಎಂಬುದು ನನ್ನ ಘೋಷವಾಕ್ಯ.

ಗಂಟೆಯೇ ಬೀಳದಂತೆ ಒಪ್ಪಿಸಿದವಳು ಶಾಹಿನಾ. ಬಸ್ ನಿಲ್ದಾಣದ ಹತ್ತಿರ ರವಿಕೆ ಹೊಲಿಯುವ ಟೇಲರ್ ಬಾಷಾ ಸಾಬರ ಮಗಳು. ಬಿ.ಎ. ಮುಗಿಸಿ, ಊರೂರಿಗೆ ಅರ್ಜಿ ಹಾಕಿ, ಉತ್ತರ ಬಾರದೆ, ಅಪ್ಪನ ಅಂಗಡಿಯಲ್ಲಿ ರವಿಕೆಗೆ ಹುಕ್ಕು ಹಾಕುತ್ತ ಕೂತಿದ್ದಳು. ಹೊನ್ನಾಳಿಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಫೋನೆತ್ತುವ ಕೆಲಸ ಅವಳಿಗೆ ಸಿಕ್ಕಿತು. ಸಿಕ್ಕಿತು ಎಂದರೆ, ಒಂದು ತಿಂಗಳ ಪರೀಕ್ಷೆಗೆ ಸಿಕ್ಕಿತು. ಸರಿಯೆನಿಸಿದರೆ ಕಾಯಂ, ಇಲ್ಲವಾದರೆ ಮತ್ತೆ ಹುಕ್ಕು. “ಮೇಡಂ, ಇದು ನನ್ನ ಕೈಯಾಗಿಂದ ಹೋಗಬಾರ್ದು. ಹುಕ್ಕು ಹಾಕಿ ಹಾಕಿ ಬೆರಳು ತೂತು ಬಿದ್ದಾವೆ,” ಎಂದು ಬೆರಳು ತೋರಿಸಿ ನಕ್ಕು ಹೋದಳು.

ತಿಂಗಳು ಅರ್ಧ ಕಳೆದಿರಬಹುದು, ಅವಳ ಫೋನು ಬಂತು. ದನಿಯಲ್ಲಿ ನಗುವಿರಲಿಲ್ಲ.

“ಮೇಡಂ, ನೀವು ಹೇಳಿಕೊಟ್ಟಂಗೇ ಹೇಳ್ತೀನಿ. ಒಂದು ಅಕ್ಷರ ತಪ್ಪಲ್ಲ. ನಾನು ಹೇಳಿದ ಕೂಡ್ಲೇ ಅವ್ರು ಕಟ್ ಮಾಡ್ತಾರೆ.”

“ಯಾರು?”

“ಎಲ್ಲಾರೂ! ಮ್ಯಾನೇಜರ್ರು, ಹಿಂಗಾದ್ರೆ ಬ್ಯಾರೆ ಹುಡುಗೀನ ನೋಡಬೇಕಾಗ್ತೈತೆ ಅಂದ್ರು.”

ನನ್ನ ಶಿಷ್ಯೆಯ ಸೌಜನ್ಯವನ್ನು ಕತ್ತರಿಸುವ ಜನ ಎಂಥವರಿರಬಹುದೆಂದು ಮರುದಿನವೇ ಹೊನ್ನಾಳಿಗೆ ಹೊರಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಭಾಷಣ ಸಿದ್ಧಪಡಿಸಿದೆ: ಪೀಠಿಕೆ, ಮೂರು ಅಂಶ, ಉಪಸಂಹಾರ.

ಮ್ಯಾನೇಜರ್ ಮಂಜಪ್ಪನವರು ಸಾಧು ಮನುಷ್ಯ. ನನ್ನ ಮೂರೂ ಅಂಶಗಳನ್ನು ತಲೆಯಾಡಿಸುತ್ತ ಕೇಳಿದರು. “ಇಂಗ್ಲಿಷೇ ಜನಕ್ಕೆ ತೊಡಕಾಗಿದ್ದರೆ ಅದನ್ನು ಬಿಟ್ಟುಬಿಡಿ, ಹುಡುಗಿಯನ್ನು ಬಿಡಬೇಡಿ,” ಎಂದು ನಾನು ಉಪಸಂಹಾರಕ್ಕೆ ಬಂದಾಗ ಕೈಮುಗಿದರು.

“ಮೇಡಂ, ಇಂಗ್ಲಿಷ್ ಬಿಡಂಗಿಲ್ಲ. ದೊಡ್ಡ ಡಾಕ್ಟ್ರಿಗೆ ಅದೇ ಬೇಕು. ಫೋನೂ ಕಟ್ ಆಗಂಗಿಲ್ಲ. ನೀವೇ ಒಂದು ದಾರಿ ಹೇಳ್ರಿ. ಅಲ್ಲಾ, ಇದನ್ನ ಕಲಿಸಿದವ್ರು ನೀವೇ ಅಲ್ವೇನ್ರಿ?”

ಪರವಾಗಿಯೂ ವಿರೋಧವಾಗಿಯೂ ಮಾತನಾಡಬಲ್ಲವಳೆಂದು ಹೇಳಿದೆನಲ್ಲ. ಒಂದೇ ಕಾಲಕ್ಕೆ ಎರಡನ್ನೂ ಮಾಡುವ ಸಂದರ್ಭ ಅಲ್ಲಿಯವರೆಗೆ ಬಂದಿರಲಿಲ್ಲ. ನಾನು ಸುಮ್ಮನೆ ಹೋಗಿ ಶಾಹಿನಾಳ ಮೇಜಿನ ಪಕ್ಕದ ಬೆಂಚಿನಲ್ಲಿ, ಕೈಗೆ ಪಟ್ಟಿ ಕಟ್ಟಿಸಿಕೊಂಡವರ ನಡುವೆ ಕೂತೆ.

ಫೋನು ಬಡಿಯಿತು. ಶಾಹಿನಾ ಬೆನ್ನು ನೆಟ್ಟಗೆ ಮಾಡಿ, ದುಪಟ್ಟಾ ಸರಿಪಡಿಸಿ, ಗಂಟಲು ತಿಳಿ ಮಾಡಿಕೊಂಡು, ಗಡಿಯಾರ ನೋಡಿ ಎತ್ತಿದಳು. ಕನ್ನಡಿಯಲ್ಲಿ ನನ್ನನ್ನೇ ಕಂಡಂತಾಯಿತು. “ಗುಡ್ ಮಾರ್ನಿಂಗ್, ಥ್ಯಾಂಕ್ ಯೂ ಫಾರ್ ಕಾಲಿಂಗ್, ಹೌ ಮೇ ಐ ಹೆಲ್ಪ್ ಯೂ?” ನೀರಿನಂತೆ ಹರಿದ ವಾಕ್ಯ. ನನ್ನ ಗಂಟೆಗೆ ಇಲ್ಲಿ ಕೆಲಸವೇ ಇಲ್ಲವೆಂದು ಹೆಮ್ಮೆಪಡುವಷ್ಟರಲ್ಲಿ ಅವಳು ರಿಸೀವರನ್ನು ನನ್ನತ್ತ ಚಾಚಿದಳು. ಕಟ್ ಆಗಿತ್ತು. ಮತ್ತೆ ಬಡಿಯಿತು, ಅದೇ ನಂಬರು, ಅದೇ ವಾಕ್ಯ, ಮತ್ತೆ ಕಟ್.

“ನೀನೇ ತಿರುಗಿ ಮಾಡು. ಯಾಕೆ ಇಟ್ಟರೆಂದು ಕೇಳು,” ಎಂದೆ.

ಸ್ಪೀಕರಿನಲ್ಲಿ ಕೇಳಿದ್ದು ಸೂರಗೊಂಡನಕೊಪ್ಪದ ಒಬ್ಬ ಹಿರಿಯರ ದನಿ. ಮನೆಯಾಕೆ ಅಂಗಳದಲ್ಲಿ ಜಾರಿ ಬಿದ್ದು ಮಣಿಕಟ್ಟು ಊದಿತ್ತು; ಮೂಳೆ ಡಾಕ್ಟರು ಇದ್ದಾರೋ ಇಲ್ಲವೋ ತಿಳಿಯಬೇಕಿತ್ತು.

“ಮತ್ತೆ ಯಾಕ್ರೀ ಅಜ್ಜಾರೇ ಕಟ್ ಮಾಡಿದ್ರಿ?” ಎಂದಳು ಶಾಹಿನಾ.

“ಅಯ್ಯೋ, ಮನುಷ್ಯಾರೇನವ್ವ ನೀನು! ಮಿಷಿನ್ನು ಅಂದ್ಕೊಂಡಿದ್ದೆ. ಬ್ಯಾಂಕಿನಾಗೆ ಮಾತಾಡ್ತೈತಲ್ಲ, ಹಂಗೇ ಇತ್ತು. ಒಂದು ಒತ್ತಿ, ಎರಡು ಒತ್ತಿ ಅಂತೈತೇನೋ ಅಂತ ಕಾಯ್ದೆ. ಅನ್ಲಿಲ್ಲ. ನಾನೇ ಒಂದು ಒತ್ತಿದೆ. ಎರಡನೇ ಸಲಕ್ಕೆ ಎರಡು ಒತ್ತಿದೆ. ಏನೂ ಆಗ್ಲಿಲ್ಲ, ಇಟ್ಟೆ.”

ಬೆಂಚಿನಲ್ಲಿದ್ದವರೆಲ್ಲ ನಕ್ಕರು, ಪಟ್ಟಿ ಕಟ್ಟಿಸಿಕೊಂಡವರೊಬ್ಬರು ನೋವನ್ನೂ ಮರೆತು, “ನಾನೂ ಅಷ್ಟೇ ಕಣ್ರಿ, ಸಾಲ ಕೊಡ್ತೀವಿ ಅನ್ನೋ ಹುಡುಗಿ ಅಂತ ಇಟ್ಟು, ಸೀದಾ ಬಸ್ ಹತ್ತಿ ಬಂದೆ,” ಎಂದರು. ಶಾಹಿನಾ ನಗಲಿಲ್ಲ. ಅಜ್ಜನಿಗೆ ಡಾಕ್ಟರು ಬರುವ ಹೊತ್ತು ಹೇಳಿ ಇಟ್ಟಳು. ಮ್ಯಾನೇಜರ್ ಕೋಣೆಯ ಬಾಗಿಲನ್ನೊಮ್ಮೆ ನೋಡಿ, ಆ ಬೆಳಿಗ್ಗೆ ಕಟ್ ಆಗಿದ್ದ ಇನ್ನೊಂದು ನಂಬರಿಗೆ ತಾನೇ ಕರೆ ಮಾಡಿದಳು. ಅತ್ತ ಹೊಲಿಗೆ ಯಂತ್ರದ ಸದ್ದು.

“ಅಬ್ಬಾ! ನೀವಾ?”

“ಹಾಂ ಬೇಟಾ,” ಎಂದರು ಬಾಷಾ ಸಾಬರು. “ಏನಿಲ್ಲ, ಗಿರಾಕಿಗಳು ಕೂತಿದ್ರು. ನಮ್ಮ ಹುಡುಗಿ ಇಂಗ್ಲಿಷ್ ಹೆಂಗ್ ಮಾತಾಡ್ತಾಳೆ ಕೇಳ್ರಿ ಅಂತ ಅವ್ರ ಫೋನ್ನಾಗೇ ಸ್ಪೀಕರ್ ಹಾಕಿದ್ದೆ. ನಿನ್ನೆ ಬಂದೋರೂ ಕೇಳಿದ್ರು. ಸುಮ್ನೆ ನಿನ್ನ ಟೈಮ್ ಯಾಕೆ ಹಾಳು ಅಂತ ಕೇಳಿ ಇಟ್ಬಿಟ್ಟೆ.”

“ಅಬ್ಬಾ, ಹಿಂಗ್ ಮಾಡಿದ್ರೆ ನನ್ನ ಕೆಲ್ಸ ಹೋಗ್ತೈತೆ!”

“ಹಂಗಾ? ತೌಬಾ! ಇನ್ಮ್ಯಾಲೆ ಕಟ್ ಮಾಡಲ್ಲಮ್ಮ. ಪೂರಾ ಮಾತಾಡ್ತೀನಿ.”

“ಮಾಡಲೇಬ್ಯಾಡ್ರಿ!” ಎಂದು ಇಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ, ಪ್ರಾಯಶಃ ಎರಡೂ.

ನಾನು ಯೋಚಿಸುತ್ತ ಕೂತೆ. ಎಲ್ಲರಿಗೂ ಒಂದೇ ವಾಕ್ಯ, ಒಂದೇ ವೇಗ, ಒಂದೇ ಸೌಜನ್ಯ: ಸಮಾನತೆಯೆಂದು ನಾನು ಕಲಿಸಿದ್ದು ಇದನ್ನೇ. ಅದನ್ನು ಯಂತ್ರಗಳು ನಮಗಿಂತ ಚೆನ್ನಾಗಿ ಕಲಿತುಬಿಟ್ಟಿವೆ. ಊರ ಜನ ಮೋಸಹೋಗಿರಲಿಲ್ಲ; ಇಷ್ಟು ನಯವಾಗಿ ಮಾತನಾಡುವ ದನಿಯ ಹಿಂದೆ ಯಾರೂ ಇರುವುದಿಲ್ಲ ಎಂಬುದು ಅವರು ಅನುಭವದಿಂದ ಕಂಡುಕೊಂಡ ಸತ್ಯವಾಗಿತ್ತು. ತಪ್ಪು ಇಂಗ್ಲಿಷಿನದೆನ್ನಲೂ ಮನಸ್ಸು ಬರಲಿಲ್ಲ. ‘ನಿಮಗೆ ನನ್ನಿಂದ ಏನಾಗಬೇಕು’ ಎನ್ನುವುದು ಯಾವ ಭಾಷೆಯಲ್ಲಾದರೂ ಸುಂದರವಾದ ಮಾತೇ. ಆದರೆ ಕೇಳಿದವರು ಅದಕ್ಕೆ ಉತ್ತರ ಕೊಡಬೇಕಾದರೆ, ಈ ತುದಿಯಲ್ಲಿ ಒಂದು ಕಿವಿ ಇದೆ ಎಂಬ ಭರವಸೆ ಬೇಕಲ್ಲ.

ಮತ್ತೆ ಫೋನು ಬಡಿಯಿತು. ಶಾಹಿನಾ ಕಣ್ಣೊರೆಸಿಕೊಂಡು ಎತ್ತಿದಳು. “ಗುಡ್ ಮಾರ್ನಿಂಗ್, ಥ್ಯಾಂಕ್ ಯೂ ಫಾರ್—”

“ಹೇಳ್ರಿ ಅನ್ನು,” ಎಂದೆ ನಾನು.

ಅದನ್ನು ನಾನು ಯೋಚಿಸಿ ಹೇಳಲಿಲ್ಲ. ನಡುಮನೆಯ ಸ್ಟೂಲಿನ ಬಳಿ ಸೆರಗಿಗೆ ಕೈಯೊರೆಸಿಕೊಳ್ಳುತ್ತ ನಿಂತಿದ್ದವಳ ಮಾತು ನನ್ನ ಬಾಯಿಂದ ತಾನಾಗಿ ಬಂತು.

ಶಾಹಿನಾ ನನ್ನನ್ನು ನೋಡಿದಳು. “ಗುಡ್ ಮಾರ್ನಿಂಗ್. ಹೇಳ್ರಿ,” ಎಂದಳು. ಕಟ್ ಆಗಲಿಲ್ಲ. ಹೆಂಗಸೊಬ್ಬಳ ದನಿ, “ಅಕ್ಕಾ, ಮಕ್ಕಳ ಡಾಕ್ಟ್ರು ಅದಾರಾ?” ಎಂದಿತು.

“ಅದಾರೆ, ಅದಾರೆ. ಯಾವೂರಿಂದ್ರಿ?”

ಯಾವೂರು ಎಂದು ಕೇಳುವಂತೆ ಅವಳಿಗೆ ನಾನು ಹೇಳಿರಲಿಲ್ಲ. ಊರು ಬಂತು, ಹಿಂದೆಯೇ ಹೆಸರು ಬಂತು, ಮಗುವಿನ ಹೆಸರು ಬಂತು, ರಾತ್ರಿಯಿಡೀ ಸುಟ್ಟ ಜ್ವರ ಬಂತು. ‘ಮೇ ಐ ನೋ ಹೂ ಈಸ್ ಕಾಲಿಂಗ್’ ಎಂದು ಬಾಯ್ತುಂಬ ಕೇಳಿ ನಾನು ದೊಡ್ಡಪ್ಪನಿಂದ ಹೊರಡಿಸಲಾಗದ್ದನ್ನೆಲ್ಲ ಈ ಹುಡುಗಿ ಒಂದು ಉಸಿರಿನಲ್ಲಿ ಹೊರಡಿಸಿದ್ದಳು. ನನ್ನ ಹಳೆಯ ಸಿದ್ಧಾಂತಕ್ಕೂ ಭಂಗವೇನೂ ಬಂದಿರಲಿಲ್ಲ. ಆ ಮಧ್ಯಾಹ್ನದವರೆಗೂ ಅಲ್ಲೇ ಕೂತು ಕೇಳಿದೆ: ದೊಡ್ಡ ಕಾರಿನಲ್ಲಿ ಬರುವುದಾಗಿ ಹೇಳಿದವರಿಗೂ ‘ಹೇಳ್ರಿ’, ಬಸ್ಸು ಎಷ್ಟೊತ್ತಿಗಿದೆ ಎಂದು ಆಸ್ಪತ್ರೆಯನ್ನೇ ಕೇಳಿದವರಿಗೂ ‘ಹೇಳ್ರಿ’. ಗೌಡರಿಗೂ ಅದೇ, ಆಳಿಗೂ ಅದೇ. ಅವ್ವ ನಮ್ಮ ನಡುಮನೆಯಲ್ಲಿ ಇದನ್ನೇ ಮಾಡುತ್ತಿದ್ದಳೆಂಬುದು ಆಗ ಹೊಳೆಯಿತು. ಅವಳಿಗೆ ಬಹುಮಾನದ ಪುಸ್ತಕ ಯಾರೂ ಕೊಟ್ಟಿರಲಿಲ್ಲ, ಅಷ್ಟೇ.

ಮಂಜಪ್ಪನವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, “ಗುಡ್ ಮಾರ್ನಿಂಗ್ ಐತಲ್ಲ, ಡಾಕ್ಟ್ರಿಗೆ ಅಷ್ಟು ಸಾಕು. ಉಳಿದದ್ದು ತಿಂಗಳು ತುಂಬಿದ ಮ್ಯಾಲೆ ನೋಡಣ,” ಎಂದರು. ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ನಾನು ಬಸ್ಸು ಹತ್ತಿದೆ.

ಆಮೇಲಿನ ದಿನಗಳಲ್ಲಿ ಶಾಹಿನಾ ಫೋನು ಮಾಡಲಿಲ್ಲ, ಭಾನುವಾರದ ತರಗತಿಗೂ ಬರಲಿಲ್ಲ. ಬಾಷಾ ಸಾಬರ ಅಂಗಡಿಯ ಮುಂದೆ ಹಾದುಹೋಗುವಾಗ ಒಳಗೆ ಇಣುಕಿದೆ. ಹುಕ್ಕು ಹಾಕುವ ಜಾಗ ಖಾಲಿಯಿತ್ತು. ಅದು ಒಳ್ಳೆಯ ಲಕ್ಷಣವೋ, ಬರೀ ಊಟಕ್ಕೆ ಎದ್ದುಹೋದ ಲಕ್ಷಣವೋ ತಿಳಿಯದೆ, ಕೇಳುವ ಧೈರ್ಯವೂ ಬಾರದೆ ಮುಂದೆ ಹೋದೆ. ತಿಂಗಳು ತುಂಬಿದ ದಿನ ಮಾತ್ರ ತಡೆಯಲಾಗಲಿಲ್ಲ. ಊಟದ ಹೊತ್ತಿಗೆ ನರ್ಸಿಂಗ್ ಹೋಮಿನ ನಂಬರು ಒತ್ತಿದೆ.

“ಗುಡ್ ಆಫ್ಟರ್‌ನೂನ್. ಹೇಳ್ರಿ.”

ನ್ಯಾಮತಿಯಿಂದ ಗಿರಿಜಾ ಮಾತನಾಡುತ್ತಿದ್ದೇನೆ, ಎಂಬ ವಾಕ್ಯವನ್ನು ಸಿದ್ಧಪಡಿಸಿಕೊಂಡೇ ಇದ್ದೆ. ಬಾಯಿಂದ ಬಂದದ್ದು ಬೇರೆ.

“ನಾನು,” ಎಂದೆ.

“ಹಾಂ, ಮೇಡಂ! ಹೆಂಗಿದೀರಿ? ಒಂದ್ ನಿಮಿಷ ಹಿಡ್ಕೊಂಡಿರ್ರಿ, ಆ ಫೋನೂ ಬಡ್ಕೊಳ್ತೈತೆ.”

ರಿಸೀವರು ಮೇಜಿನ ಮೇಲೆ ಮಲಗಿದ ಸದ್ದು ಕೇಳಿತು. ಆಮೇಲೆ ಆಸ್ಪತ್ರೆಯ ಸಕಲವೂ ಕೇಳತೊಡಗಿತು. ಸೂಜಿಗೆ ಹೆದರಿದ ಮಗುವಿನ ಅಳು. ಸ್ಟೀಲಿನ ತಟ್ಟೆ ಬಿದ್ದ ಸದ್ದು. ಯಾರಿಗೋ ‘ಯಾವೂರಿಂದ್ರಿ’ ಎನ್ನುತ್ತಿದ್ದ ಶಾಹಿನಾ. ಹಾಗೆ ಹಿಡಿದುಕೊಂಡಿರುವಾಗ, ಎಲ್ಲೋ ದೂರದಿಂದ ಹತ್ತಿರ ಬಂದ ಮಂಜಪ್ಪನವರ ದನಿ: “ಶಾಹಿನಾ, ಮುಂದಿನ ತಿಂಗಳಿಂದ ಬೆಳಿಗ್ಗೆ ಡ್ಯೂಟಿ ನಿಂದೇ ನೋಡವ್ವ. ನಿಮ್ಮಪ್ಪಗೆ ಹೇಳು, ಕೇಳಬೇಕು ಅನ್ಸಿದ್ರೆ ಊಟದ ಹೊತ್ನಾಗೆ ಮಾಡ್ಲಿ ಅಂತ.”

ನಾನು ಬೆನ್ನು ಸಡಿಲಬಿಟ್ಟು ಗೋಡೆಗೆ ಒರಗಿದೆ.

“ಮೇಡಂ, ಇದೀರಾ?” ಶಾಹಿನಾ ಮರಳಿ ಬಂದಳು. ದನಿಯೊಳಗೆ ನಗು ಅದುಮಿಟ್ಟಂತಿತ್ತು. “ಏನೋ ಕೇಳಾಕೆ ಮಾಡಿದ್ರಿ?”

“ಏನಿಲ್ಲವ್ವ,” ಎಂದೆ. “ಹೆಂಗಿದೀಯಾ ಅಂತ.”